ಹತ್ತೊಂಬತ್ತರ ಗೋಲು, ಹನ್ನೆರಡರ ಮೈದಾನ

ಪ್ರಶ್ನೆ: ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರೆಜಿಲ್ ವಿರುದ್ಧ ಜಪಾನಿನ ಹುಡುಗಿಯೊಬ್ಬಳು ಬಹು ದೂರದಿಂದ ಹೊಡೆದ ಗೋಲಿನ ವಿಡಿಯೊವನ್ನು ನನ್ನ ಮಗಳು ಮತ್ತೆ ಮತ್ತೆ ನೋಡುತ್ತಾಳೆ. ಅವಳೀಗ ಏಳನೇ ತರಗತಿ. ಶಾಲೆಯ ಮೈದಾನದಲ್ಲಿ ಹುಡುಗರ ಜೊತೆ ಫುಟ್‌ಬಾಲ್ ಆಡುತ್ತಾಳೆ. ಆ ಆಟಗಾರ್ತಿ ಯಾರು? ಅಷ್ಟು ಚಿಕ್ಕ ವಯಸ್ಸಿಗೆ ಆ ಮಟ್ಟ ಮುಟ್ಟಿದ್ದು ಹೇಗೆ? ಅದು ಹುಟ್ಟಿನಿಂದ ಬಂದ ಪ್ರತಿಭೆಯೇ, ಅಥವಾ ಜಪಾನಿನವರು ಬೇರೆ ಏನಾದರೂ ಮಾಡುತ್ತಾರೆಯೇ?
— ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಮಗಳ ಮನಸ್ಸು ಸೆಳೆದ ಆ ಆಟಗಾರ್ತಿಯ ಹೆಸರು ಮೊಮೊಕೊ ತನಿಕಾವಾ. ಹುಟ್ಟಿದ್ದು 2005ರ ಮೇ 7ರಂದು, ಜಪಾನಿನ ಐಚಿ ಪ್ರಾಂತ್ಯದಲ್ಲಿ. ಆಡುವುದು ಮಿಡ್‌ಫೀಲ್ಡ್‌ನಲ್ಲಿ. ಎರಡೂ ಕಾಲಲ್ಲಿ ಒಂದೇ ಬಗೆಯ ಬಲದಿಂದ, ಅದೂ ದೂರದಿಂದ ಚೆಂಡು ಹೊಡೆಯಬಲ್ಲವಳು ಎಂಬುದು ಆಕೆಯ ಹೆಗ್ಗಳಿಕೆ. ಪ್ರತಿಭೆ ಇರುವುದು ನಿಜ, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಹೌದು, ಜಪಾನಿನವರು ಬೇರೆ ಏನೋ ಮಾಡುತ್ತಾರೆ. ಹನ್ನೆರಡರಿಂದ ಹದಿನೆಂಟರ ನಡುವೆ, ಯಾರೂ ಚಪ್ಪಾಳೆ ತಟ್ಟದ ವರ್ಷಗಳಲ್ಲಿ, ಇಂಥ ಹುಡುಗಿಗೆ ಆಡಲು ಜಾಗವನ್ನೂ ಜೊತೆಗಾರರನ್ನೂ ಒದಗಿಸುತ್ತಾರೆ. ಅದನ್ನು ವಿವರಿಸಲು ಆ ಗೋಲಿನಿಂದಲೇ ಶುರು ಮಾಡುತ್ತೇನೆ.

2024ರ ಜುಲೈ 28. ಪ್ಯಾರಿಸ್ಸಿನ ಪಾರ್ಕ್ ದೆ ಪ್ರಾನ್ಸ್ ಕ್ರೀಡಾಂಗಣ. ಮೊದಲ ಪಂದ್ಯದಲ್ಲಿ ಸ್ಪೇನ್‌ಗೆ 1-2ರಿಂದ ಸೋತಿದ್ದ ಜಪಾನ್‌ಗೆ ಈ ಪಂದ್ಯ ಕೈಬಿಡುವಂತಿರಲಿಲ್ಲ. ಮೊದಲಾರ್ಧದಲ್ಲಿ ಸಿಕ್ಕ ಪೆನಾಲ್ಟಿಯನ್ನು ಬ್ರೆಜಿಲ್ ಗೋಲ್‌ಕೀಪರ್ ಲೊರೇನಾ ತಡೆದರು. 56ನೇ ನಿಮಿಷದಲ್ಲಿ ಬ್ರೆಜಿಲ್ ಮುನ್ನಡೆಯಿತು. ನಿಗದಿತ 90 ನಿಮಿಷ ಮುಗಿದಾಗಲೂ ಜಪಾನ್ ಹಿಂದೆಯೇ ಇತ್ತು. ಹೆಚ್ಚುವರಿಯಾಗಿ ಸೇರಿಸಿದ ನಿಮಿಷಗಳಲ್ಲಿ ನಾಯಕಿ ಸಾಕಿ ಕುಮಗಾಯಿ ಪೆನಾಲ್ಟಿಯಿಂದ ಸಮ ಮಾಡಿದರು. ಡ್ರಾ ಆದರೂ ಸಾಕು ಎಂದು ನೋಡುವವರು ಅಂದುಕೊಳ್ಳುತ್ತಿದ್ದ ಹೊತ್ತಿಗೆ ಬ್ರೆಜಿಲ್ ರಕ್ಷಣಾ ಸಾಲಿನಿಂದ ಒಂದು ಪಾಸ್ ತಪ್ಪಿ ಮೊಮೊಕೊಳ ಕಡೆಗೆ ಬಂತು. ಆಕೆ ಬದಲಿ ಆಟಗಾರ್ತಿಯಾಗಿ ಒಳಬಂದಿದ್ದವಳು. ಚೆಂಡನ್ನು ನಿಲ್ಲಿಸಲಿಲ್ಲ, ಇನ್ನೊಬ್ಬರಿಗೆ ದಾಟಿಸಲಿಲ್ಲ. ಗೋಲ್‌ಕೀಪರ್ ಮುಂದೆ ಬಂದು ನಿಂತಿರುವುದನ್ನು ಆ ಕ್ಷಣಕ್ಕೂ ಮೊದಲೇ ಗಮನಿಸಿದ್ದಳು. ಸುಮಾರು 30 ಮೀಟರ್ ದೂರದಿಂದ ಎತ್ತಿ ಹೊಡೆದ ಚೆಂಡು ಲೊರೇನಾ ಅವರ ತಲೆಯ ಮೇಲಿಂದ ಹಾದು ಬಲೆಗೆ ಬಿತ್ತು. ಜಪಾನ್ 2-1ರಿಂದ ಗೆದ್ದಿತು. ಸೋತ ಬ್ರೆಜಿಲ್ ಅದೇ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿ ಬೆಳ್ಳಿ ಗೆದ್ದ ತಂಡ ಎಂಬುದನ್ನು ನೆನಪಿಟ್ಟುಕೊಂಡರೆ ಆ ಗೋಲಿನ ತೂಕ ತಿಳಿಯುತ್ತದೆ.

ನಿಮ್ಮ ಮಗಳಿಗೆ ಇದನ್ನು ತೋರಿಸಿ: ವಿಡಿಯೊವನ್ನು ನಿಧಾನಗತಿಯಲ್ಲಿ ಇಟ್ಟು, ಚೆಂಡು ಬರುವ ಮುಂಚೆ ಮೊಮೊಕೊ ಏನು ಮಾಡುತ್ತಾಳೆಂದು ನೋಡಲು ಹೇಳಿ. ಕಾಲು ಮಾಡಿದ ಕೆಲಸ ಎಲ್ಲರಿಗೂ ಕಾಣುತ್ತದೆ. ಅದಕ್ಕೂ ಮೊದಲು ಕಣ್ಣು ಮಾಡಿದ ಕೆಲಸವೇ ಅಪರೂಪದ್ದು. ಅದು ವರ್ಷಗಟ್ಟಲೆ, ತನ್ನಷ್ಟೇ ಚುರುಕಾದವರ ನಡುವೆ ಆಡಿದಾಗ ಬರುವ ಅಭ್ಯಾಸ.

ಆ ಅಭ್ಯಾಸ ಬಂದದ್ದು ಜೆಎಫ್‌ಎ ಅಕಾಡೆಮಿ ಫುಕುಶಿಮಾದಲ್ಲಿ. ಜಪಾನ್ ಫುಟ್‌ಬಾಲ್ ಸಂಸ್ಥೆ 2006ರಲ್ಲಿ ಇದನ್ನು ತೆರೆಯಿತು. ಮಾದರಿ ಫ್ರಾನ್ಸಿನ ಕ್ಲೇರ್‌ಫಾಂಟೇನ್ ತರಬೇತಿ ಕೇಂದ್ರ. ಆರನೇ ತರಗತಿ ಮುಗಿಸಿದ ಮಕ್ಕಳನ್ನು ದೇಶದಾದ್ಯಂತ ಪರೀಕ್ಷಿಸಿ ಆರಿಸುತ್ತಾರೆ. ಆಯ್ಕೆಯಾದವರು ಹಾಸ್ಟೆಲಿನಲ್ಲಿದ್ದು, ಅಲ್ಲಿನ ಸಾಮಾನ್ಯ ಶಾಲೆಗಳಲ್ಲಿಯೇ ಓದುತ್ತ, ಆರು ವರ್ಷ ಫುಟ್‌ಬಾಲ್ ಕಲಿಯುತ್ತಾರೆ. ಮೊದಲ ದಿನದಿಂದಲೂ ಹುಡುಗರಿಗೂ ಹುಡುಗಿಯರಿಗೂ ಬಾಗಿಲು ತೆರೆದೇ ಇತ್ತು. ಅಲ್ಲಿ ಚೆಂಡಿನ ಜೊತೆಗೆ ಇನ್ನೊಂದನ್ನೂ ಕಲಿಸುತ್ತಾರೆ. ತಾನು ಯಾಕೆ ಹಾಗೆ ಆಡಿದೆ ಎಂಬುದನ್ನು ಕಾರಣ ಸಹಿತ ಮಾತಿನಲ್ಲಿ ಹೇಳಬೇಕು. "ಸುಮ್ಮನೆ ಹೊಡೆದೆ" ಎಂದರೆ ಸಾಲದು. ಹದಿಮೂರರ ಹುಡುಗಿ ತನ್ನ ಪಾಸ್‌ಗೆ ಕಾರಣ ಕೊಡುವುದನ್ನು ಕಲಿತರೆ, ಹತ್ತೊಂಬತ್ತಕ್ಕೆ ಅರೆಕ್ಷಣದಲ್ಲಿ ತೀರ್ಮಾನ ತೆಗೆದುಕೊಳ್ಳುವ ಧೈರ್ಯ ಬರುತ್ತದೆ ಎಂದು ನಾನು ನಂಬುತ್ತೇನೆ.

ಈ ಅಕಾಡೆಮಿಯ ಕಥೆಯಲ್ಲಿ ದೊಡ್ಡ ದುಃಖವೂ ಇದೆ. ಅದರ ನೆಲೆಯಾಗಿದ್ದ ಜೆ-ವಿಲೇಜ್ ಎಂಬ ಕ್ರೀಡಾ ಸಂಕೀರ್ಣ ಫುಕುಶಿಮಾದ ಅಣುಸ್ಥಾವರದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿತ್ತು. 2011ರ ಮಾರ್ಚ್ 11ರಂದು ಭೂಕಂಪ, ಸುನಾಮಿ, ಅದರ ಬೆನ್ನಿಗೇ ಅಣುಸ್ಥಾವರದ ದುರಂತ. ಹುಲ್ಲುಹಾಸಿನ ಮೈದಾನಗಳು ದುರಂತ ನಿರ್ವಹಣೆಯ ಕಾರ್ಮಿಕರ ಠಾಣೆಯಾದವು. ಮಕ್ಕಳನ್ನು ಶಿಜುವೊಕಾ ಪ್ರಾಂತ್ಯದ ಗೊತೆಂಬಾಕ್ಕೆ, ಫ್ಯೂಜಿ ಪರ್ವತದ ತಪ್ಪಲಿಗೆ ಸ್ಥಳಾಂತರಿಸಿದರು. ಅದೇ ಜೆ-ವಿಲೇಜ್‌ನಲ್ಲಿ ಅಭ್ಯಾಸ ಮಾಡುತ್ತಿದ್ದ ಮರೀಜೆ ಎಂಬ ಮಹಿಳಾ ತಂಡ ಮತ್ತೆ ಎದ್ದು ನಿಲ್ಲಲೇ ಇಲ್ಲ. ಆ ತಂಡದ ಹಿಂದಿನ ಆಟಗಾರ್ತಿ ಕರಿನಾ ಮರುಯಾಮಾ ಅದೇ ವರ್ಷದ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ, ಆತಿಥೇಯ ಜರ್ಮನಿಯ ವಿರುದ್ಧ, 108ನೇ ನಿಮಿಷದಲ್ಲಿ ಗೆಲುವಿನ ಗೋಲು ಹೊಡೆದರು. ಜುಲೈ 17ರಂದು ಫ್ರಾಂಕ್‌ಫರ್ಟ್‌ನಲ್ಲಿ ಹೊಮಾರೆ ಸಾವಾ ನಾಯಕತ್ವದ ಜಪಾನ್ ಅಮೆರಿಕವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಮಣಿಸಿ ವಿಶ್ವಕಪ್ ಎತ್ತಿತು. ನಡುಗಿಹೋಗಿದ್ದ ದೇಶಕ್ಕೆ ಆ ಹೆಣ್ಣುಮಕ್ಕಳು ತಲೆ ಎತ್ತಲು ಒಂದು ಕಾರಣ ಕೊಟ್ಟರು. ಆಗ ಮೊಮೊಕೊಗೆ ಆರು ವರ್ಷ.

ಆಕೆ ಅಕಾಡೆಮಿ ಸೇರುವ ಹೊತ್ತಿಗೂ ಹುಡುಗಿಯರ ವಿಭಾಗ ಗೊತೆಂಬಾದಲ್ಲೇ ಇತ್ತು. ಅದು ಫುಕುಶಿಮಾಕ್ಕೆ ಹಿಂತಿರುಗಿದ್ದು 2024ರ ವಸಂತದಲ್ಲಿ, ಮೊಮೊಕೊ ಓದು ಮುಗಿಸಿ ಹೊರಟ ಸಮಯಕ್ಕೆ. ಫುಕುಶಿಮಾದ ಹೆಸರನ್ನು ಎದೆಯ ಮೇಲೆ ಧರಿಸಿ ಬೇರೆ ಊರಿನಲ್ಲಿ ಬೆಳೆದ ತಲೆಮಾರು ಅದು. ಊರು ಹೋದರೂ ಶಾಲೆಯನ್ನು ಹೋಗಗೊಡಲಿಲ್ಲವಲ್ಲ, ಜಪಾನಿನವರ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಮೆಚ್ಚುವುದು ಇದನ್ನೇ. ಅಷ್ಟು ದೊಡ್ಡ ಅನಾಹುತದ ನಡುವೆ ಹದಿಮೂರರ ಹುಡುಗಿಯರ ಫುಟ್‌ಬಾಲನ್ನು ನಿಲ್ಲಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ನಿಲ್ಲಿಸಲಿಲ್ಲ.

ಫಲ ಒಬ್ಬಳಿಗೇ ಸೀಮಿತವಾಗಲಿಲ್ಲ. ಫುಕುಶಿಮಾ ಪ್ರಾಂತ್ಯದಲ್ಲೇ ಹುಟ್ಟಿದ ಜುನ್ ಎಂಡೊ, ಅಮೆರಿಕದ ನಾರ್ತ್ ಕೆರೊಲಿನಾ ಕರೇಜ್ ತಂಡಕ್ಕೆ ಹೋಗಿ 2023ರ ಚಾಲೆಂಜ್ ಕಪ್ ಫೈನಲ್‌ನ ಶ್ರೇಷ್ಠ ಆಟಗಾರ್ತಿಯಾದ ಮನಾಕಾ ಮತ್ಸುಕುಬೊ, ಹದಿನೆಂಟಕ್ಕೇ ನೆದರ್‌ಲ್ಯಾಂಡ್ಸ್‌ನ ಫೆಯೆನೂರ್ಡ್ ಸೇರಿದ ಟೊಕೊ ಕೊಗಾ, ಎಲ್ಲರೂ ಇದೇ ಅಕಾಡೆಮಿಯವರು. ಒಬ್ಬಳು ಬಂದರೆ ಅದೃಷ್ಟ ಎನ್ನಬಹುದು. ಇಷ್ಟು ಜನ ಒಂದೇ ಬಾಗಿಲಿನಿಂದ ಹೊರಬಂದರೆ ಅದರ ಹಿಂದಿನ ಕ್ರಮವನ್ನು ನೋಡಬೇಕು.

ಮೊಮೊಕೊ ಏರಿದ ಮೆಟ್ಟಿಲುಗಳಲ್ಲಿ ಆ ಕ್ರಮ ಕಾಣುತ್ತದೆ. 2022ರ ಅಕ್ಟೋಬರ್‌ನಲ್ಲಿ 17 ವರ್ಷದೊಳಗಿನವರ ಮಹಿಳಾ ವಿಶ್ವಕಪ್ ನಡೆದದ್ದು ನಮ್ಮ ದೇಶದಲ್ಲಿ. ಆಕೆ ಆ ಜಪಾನ್ ತಂಡದಲ್ಲಿದ್ದಳು. ಜಪಾನ್ ಆಗ ಆಡಿದ ಮೈದಾನಗಳಲ್ಲಿ ಮಡಗಾಂವ್‌ನ ಫತೋರ್ಡಾ ಕೂಡ ಒಂದು. ನಿಮ್ಮ ಧಾರವಾಡದಿಂದ ಘಟ್ಟ ಇಳಿದರೆ ಸಿಗುವ ಊರು. ಗುಂಪಿನ ಹಂತದಲ್ಲಿ ಟಾಂಜಾನಿಯಾ, ಕೆನಡಾ, ಫ್ರಾನ್ಸ್ ಮೂರನ್ನೂ ಒಂದೇ ಒಂದು ಗೋಲು ಬಿಟ್ಟುಕೊಡದೆ ಸೋಲಿಸಿದ ಜಪಾನ್, ಕ್ವಾರ್ಟರ್ ಫೈನಲ್‌ನಲ್ಲಿ ಸ್ಪೇನ್‌ಗೆ 1-2ರಿಂದ ಸೋತಿತು. ಕಪ್ ಗೆದ್ದದ್ದು ಅದೇ ಸ್ಪೇನ್. ಭುವನೇಶ್ವರದಲ್ಲಿ ಆಡಿದ ನಮ್ಮ ಹುಡುಗಿಯರು ಅಮೆರಿಕಕ್ಕೆ 0-8, ಮೊರೊಕ್ಕೊಗೆ 0-3, ಬ್ರೆಜಿಲ್‌ಗೆ 0-5ರಿಂದ ಸೋತರು. ನಮ್ಮವರಲ್ಲಿ ಛಲ ಕಡಿಮೆ ಇರಲಿಲ್ಲ. ಆದರೆ ನಮ್ಮದು ಒಂದು ಟೂರ್ನಿಗಾಗಿ ಶಿಬಿರದಲ್ಲಿ ಕೂಡಿಸಿದ ತಂಡ. ಮೊಮೊಕೊಳಂಥವರು ಆ ಹೊತ್ತಿಗೆ ಹಾಸ್ಟೆಲಿನಲ್ಲಿ ಐದನೆಯ ವರ್ಷ ಕಳೆಯುತ್ತಿದ್ದವರು. ಅಂಕಗಳ ಅಂತರಕ್ಕೆ ಆ ವರ್ಷಗಳೇ ದೊಡ್ಡ ಕಾರಣ.

ಮುಂದಿನ ಮೆಟ್ಟಿಲು ಇನ್ನೂ ಸೊಗಸಾದದ್ದು. 2023ರಲ್ಲಿ ನ್ಯೂಜಿಲೆಂಡ್‌ನಲ್ಲಿ ವಿಶ್ವಕಪ್ ಆಡಲು ಹೋದ ಹಿರಿಯರ ತಂಡದ ಜೊತೆಗೆ ಮೊಮೊಕೊಳನ್ನೂ ಟೊಕೊ ಕೊಗಾಳನ್ನೂ ಅಭ್ಯಾಸದ ಜೊತೆಗಾರರಾಗಿ ಕರೆದೊಯ್ದರು. ಪಂದ್ಯ ಆಡುವಂತಿಲ್ಲ, ಪದಕವಿಲ್ಲ, ತಂಡದ ಪಟ್ಟಿಯಲ್ಲಿ ಹೆಸರೂ ಇಲ್ಲ. ಅಭ್ಯಾಸದಲ್ಲಿ ಹಿರಿಯರ ಎದುರು ಓಡುವುದು, ಅವರ ಊಟ, ನಿದ್ದೆ, ಸೋಲು ಗೆಲುವುಗಳನ್ನು ಹತ್ತಿರದಿಂದ ನೋಡುವುದು ಅಷ್ಟೇ. ಆ ಟೂರ್ನಿಯಲ್ಲಿ ಜಪಾನ್ ಮುಂದೆ ಕಪ್ ಗೆಲ್ಲಲಿದ್ದ ಸ್ಪೇನನ್ನು ಗುಂಪಿನ ಹಂತದಲ್ಲಿ 4-0ರಿಂದ ಸೋಲಿಸಿತು. ಹಿನಾತಾ ಮಿಯಾಜಾವಾ ಐದು ಗೋಲು ಹೊಡೆದು ಚಿನ್ನದ ಬೂಟು ಪಡೆದರು. ಅದನ್ನೆಲ್ಲ ಹದಿನೆಂಟರ ಹುಡುಗಿ ಅಂಗಳದ ಅಂಚಿನಲ್ಲಿ ನಿಂತು ನೋಡಿದಳು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಉತ್ತರ ಕೊರಿಯಾವನ್ನು 4-1ರಿಂದ ಸೋಲಿಸಿ ಚಿನ್ನ ಗೆದ್ದ ಜಪಾನ್ ತಂಡದಲ್ಲಿ ಆಕೆ ಇದ್ದಳು. ಒಲಿಂಪಿಕ್ಸ್‌ಗೆ ಬಂದಾಗ ಆ ವಾತಾವರಣ ಆಕೆಗೆ ಹೊಸದಾಗಿರಲಿಲ್ಲ.

2024ರ ಜನವರಿಯಲ್ಲಿ ಜರ್ಮನಿಯ ಬಯರ್ನ್ ಮ್ಯೂನಿಕ್ ಆಕೆಯ ಜೊತೆ ಒಪ್ಪಂದ ಮಾಡಿಕೊಂಡಿತು. ಅಷ್ಟು ದೊಡ್ಡ ಕ್ಲಬ್ಬಿನಲ್ಲಿ ಹದಿನೆಂಟರ ಹೊಸಬಳು ಬೆಂಚಿನ ಮೇಲೆ ಕೂತು ವರ್ಷ ಕಳೆಯುವ ಅಪಾಯವಿತ್ತು. ಹಾಗಾಗಿ ಕ್ಲಬ್ ಆಕೆಯನ್ನು ಸ್ವೀಡನ್ನಿನ ಮಾಲ್ಮೊ ನಗರದ ರೋಸೆನ್‌ಗಾರ್ಡ್ ತಂಡಕ್ಕೆ ಎರವಲು ಕೊಟ್ಟಿತು. ಸಸಿಯನ್ನು ಮಡಿಯಿಂದ ಕಿತ್ತ ಮೇಲೆ ಯಾವ ಗದ್ದೆಗೆ, ಎಷ್ಟು ನೀರಿಗೆ ನಾಟಿ ಮಾಡಬೇಕೆಂದು ರೈತ ನೋಡುವ ಹಾಗೆ ಈ ತೀರ್ಮಾನ. ಮಾಲ್ಮೊದಲ್ಲಿ ಆಕೆಗೆ ಪಂದ್ಯಗಳು ಸಿಕ್ಕವು, ಗೋಲುಗಳು ಬಂದವು, ಭಾಷೆ ಗೊತ್ತಿಲ್ಲದ ಊರಲ್ಲಿ ಬದುಕುವ ರೂಢಿಯೂ ಆಯಿತು. ಆ ವರ್ಷ ರೋಸೆನ್‌ಗಾರ್ಡ್ ಸ್ವೀಡನ್ನಿನ ಲೀಗ್ ಗೆದ್ದಿತು. 2025ರ ಆರಂಭದಲ್ಲಿ ಬಯರ್ನ್ ಆಕೆಯನ್ನು ಮರಳಿ ಕರೆಸಿಕೊಂಡಿತು. ಆ ಋತುವಿನಲ್ಲಿ ಕ್ಲಬ್ ಜರ್ಮನಿಯ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದಿತು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದನ್ನು ಮುಚ್ಚಿಡಬಾರದು. ಜಪಾನಿನ ಎಲ್ಲ ಹುಡುಗಿಯರಿಗೂ ಈ ಮೆಟ್ಟಿಲು ಸಿಗುವುದಿಲ್ಲ. ಅಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಗಂಡು ಹೆಣ್ಣೆನ್ನದೆ ಒಟ್ಟಿಗೆ ಆಡುತ್ತಾರೆ. ಏಳನೇ ತರಗತಿಗೆ ಬಂದ ಕೂಡಲೇ ಹುಡುಗರಿಗೆ ಶಾಲೆಯ ತಂಡವಿರುತ್ತದೆ, ಹುಡುಗಿಯರಿಗೆ ಬಹಳ ಕಡೆ ಇರುವುದಿಲ್ಲ. ಎಷ್ಟೋ ಮಂದಿ ಅಲ್ಲಿಗೇ ಬೂಟು ಬಿಚ್ಚಿಡುತ್ತಾರೆ. ಜಪಾನಿನ ಫುಟ್‌ಬಾಲ್ ಬಲ್ಲವರು ಬಹುಕಾಲದಿಂದ ಚಿಂತಿಸುತ್ತಿರುವ ಸಮಸ್ಯೆ ಇದು. ಅಕಾಡೆಮಿ ವರ್ಷಕ್ಕೆ ಬೆರಳೆಣಿಕೆಯಷ್ಟು ಹುಡುಗಿಯರನ್ನಷ್ಟೇ ತೆಗೆದುಕೊಳ್ಳಬಲ್ಲದು. ಸಾಕೈ ಮತ್ತು ಇಮಬಾರಿಯಲ್ಲಿ ಹುಡುಗಿಯರಿಗೆಂದೇ ಇನ್ನೆರಡು ಅಕಾಡೆಮಿಗಳು ಬಂದಿವೆ. 2021ರಲ್ಲಿ ಡಬ್ಲ್ಯುಇ ಲೀಗ್ ಎಂಬ ವೃತ್ತಿಪರ ಮಹಿಳಾ ಲೀಗ್ ಆರಂಭವಾಗಿದೆ. ಮೇಲಿನ ತುದಿ ಭದ್ರವಾಗಿದೆ, ಕೆಳಗಿನ ಮೆಟ್ಟಿಲಲ್ಲಿ ಇನ್ನೂ ಬಿರುಕಿದೆ. 17, 20 ವರ್ಷದೊಳಗಿನ ಮತ್ತು ಹಿರಿಯರ ಮಹಿಳಾ ವಿಶ್ವಕಪ್ ಮೂರನ್ನೂ ಗೆದ್ದ ಮೊದಲ ದೇಶದಲ್ಲೇ ಹೀಗಿದ್ದರೆ, ಹದಿಮೂರರ ಹುಡುಗಿಯನ್ನು ಮೈದಾನದಲ್ಲಿ ಉಳಿಸಿಕೊಳ್ಳುವುದು ಎಷ್ಟು ಕಷ್ಟದ ಕೆಲಸವೆಂದು ಊಹಿಸಿ.

ನಿಮ್ಮ ಮಗಳು ಈಗ ಸರಿಯಾಗಿ ಅದೇ ವಯಸ್ಸಿನಲ್ಲಿದ್ದಾಳೆ. ಹಾಗಾಗಿ ಕೇಳದಿದ್ದರೂ ಒಂದೆರಡು ಮಾತು ಹೇಳುತ್ತೇನೆ. ಹುಡುಗರ ಜೊತೆ ಆಡುವುದನ್ನು ಸದ್ಯಕ್ಕೆ ನಿಲ್ಲಿಸಬೇಡಿ, "ದೊಡ್ಡವಳಾದಳು" ಎಂದು ಯಾರು ಹೇಳಿದರೂ ಸರಿ. ಹುಡುಗಿಯರ ತಂಡ ಎಲ್ಲಿದೆಯೆಂದು ಈಗಿನಿಂದಲೇ ಹುಡುಕಿ. ಜಿಲ್ಲಾ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಲ್ಲಿ ಕ್ರೀಡಾ ವಸತಿ ಶಾಲೆಗಳ ಆಯ್ಕೆ ಯಾವಾಗ, ಅದರಲ್ಲಿ ಹುಡುಗಿಯರ ಫುಟ್‌ಬಾಲ್ ಇದೆಯೇ ಎಂದು ವಿಚಾರಿಸಿ. ನಮ್ಮಲ್ಲೂ ಮೇಲಿನ ಮೆಟ್ಟಿಲು ಇಲ್ಲವೆಂದಲ್ಲ. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ ಭಾರತೀಯ ಮಹಿಳಾ ಲೀಗ್‌ನಲ್ಲಿ ಫೈನಲ್‌ವರೆಗೆ ಹೋಗಿದೆ. ಭಾರತದ ಹಿರಿಯರ ತಂಡ 2025ರ ಜುಲೈನಲ್ಲಿ ಥಾಯ್ಲೆಂಡ್ ತಂಡವನ್ನು ಅವರ ನೆಲದಲ್ಲೇ 2-1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. ಅಲ್ಲಿ ಭಾರತ ಸೇರಿದ ಗುಂಪಿನಲ್ಲೇ ಜಪಾನ್ ಕೂಡ ಇತ್ತು.

ಯಾವುದೇ ಕೋಚ್ ಹತ್ತಿರ ಹೋದಾಗ "ನಮ್ಮ ಮಗಳಿಗೆ ಪ್ರತಿಭೆ ಇದೆಯೇ" ಎಂದು ಕೇಳಬೇಡಿ. ಆ ಪ್ರಶ್ನೆಗೆ ಹನ್ನೆರಡರ ವಯಸ್ಸಿನಲ್ಲಿ ಯಾರ ಬಳಿಯೂ ನೆಚ್ಚುವಂಥ ಉತ್ತರವಿರುವುದಿಲ್ಲ. ಬದಲಿಗೆ ಮೂರು ವಿಷಯ ಕೇಳಿ. ವರ್ಷಕ್ಕೆ ಎಷ್ಟು ಪಂದ್ಯ ಆಡಿಸುತ್ತೀರಿ? ಶಾಲೆಯ ಓದಿಗೆ ಹೇಗೆ ಹೊಂದಿಸುತ್ತೀರಿ? ತನಗಿಂತ ಚೆನ್ನಾಗಿ ಆಡುವ ಹಿರಿಯ ಹುಡುಗಿಯರ ಜೊತೆ ಅಭ್ಯಾಸ ಮಾಡಲು ಅವಕಾಶವಿದೆಯೇ? ಮೊಮೊಕೊಗೆ ಆರು ವರ್ಷ ಸಿಕ್ಕಿದ್ದು ಈ ಮೂರೇ. ಇವು ಸಿಕ್ಕ ಹುಡುಗಿಯರೆಲ್ಲ ಒಲಿಂಪಿಕ್ಸ್‌ಗೆ ಹೋಗುವುದಿಲ್ಲ, ಆದರೆ ಇವು ಸಿಗದೆ ಹೋದವರಲ್ಲಿ ಎಂಥ ಆಟ ಅಡಗಿತ್ತೆಂದು ತಿಳಿಯುವ ದಾರಿಯೇ ಇರುವುದಿಲ್ಲ.