ಯೂರಿಯಾ ಎಲ್ಲಿಗೆ ಹೋಯಿತು?

ಮನೆಯಲ್ಲಿ ಯೂರಿಯಾದ ಖಾಲಿ ಚೀಲ ಇದೆಯೇ? ಮಳೆಗೆ ಕೊಪ್ಪೆ ಹಾಕಲು ಇಟ್ಟಿರುತ್ತೀರಿ. ಅದನ್ನು ತನ್ನಿ. ಬೆಳಕಿಗೆ ಹಿಡಿಯಿರಿ. ಅಕ್ಷರ ಹಿಂದಿಯೋ ಇಂಗ್ಲಿಷೋ ಇರಬಹುದು. ಅಂಕಿ ನಮಗೆ ಬರುತ್ತದಲ್ಲ!

45 ಎಂದಿದೆ. ಅದು ತೂಕ. 2018ಕ್ಕೆ ಮೊದಲು 50 ಕೆ.ಜಿ. ಚೀಲ ಬರುತ್ತಿತ್ತು. 46 ಎಂದೂ ಇದೆ. ಅಂದರೆ ನೂರು ಕೆ.ಜಿ. ಯೂರಿಯಾದಲ್ಲಿ 46 ಕೆ.ಜಿ. ಸಾರಜನಕ. ಒಂದು ಚೀಲದಲ್ಲಿ ಹತ್ತಿರ ಹತ್ತಿರ 21 ಕೆ.ಜಿ. ಪೈರಿಗೆ ಬೇಕಾದ್ದು ಈ ಸಾರಜನಕ.

ಮಂಡ್ಯದ ಕಡೆಯ ನಾಲೆ ನೀರಿನ ಭತ್ತದ ಗದ್ದೆ ನೋಡೋಣ. ಯೂರಿಯಾ ಎರಚುತ್ತೇವೆ. ನಾಲ್ಕಾರು ದಿನದಲ್ಲಿ ಗದ್ದೆ ಹಸಿರಾಗುತ್ತದೆ. ಕಣ್ಣಿಗೆ ಹಿತ. ಆದರೆ ಎರಚಿದ್ದರಲ್ಲಿ ಸಾಮಾನ್ಯವಾಗಿ ಅರ್ಧ ಭಾಗವೂ ಪೈರಿಗೆ ಸಿಗುವುದಿಲ್ಲ. ನಾವು ಕೊಟ್ಟ ದುಡ್ಡು ಎಲ್ಲಿಗೆ ಹೋಯಿತು?

ಯೂರಿಯಾ ನೀರಿನಲ್ಲಿ ಬೇಗ ಕರಗುತ್ತದೆ. ಸ್ವಲ್ಪ ಭಾಗ ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ. ಕೊಟ್ಟಿಗೆಯಲ್ಲಿ ಗಂಜಲ ನಿಂತರೆ ಮೂಗಿಗೆ ಹೊಡೆಯುವ ಘಾಟು ಇದೆಯಲ್ಲ, ಅದೇ ಇದು. ಇನ್ನಷ್ಟು ಭಾಗವನ್ನು ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರೇಟ್ ಮಾಡುತ್ತವೆ. ನೈಟ್ರೇಟನ್ನು ಮಣ್ಣು ಹಿಡಿದಿಡಲಾರದು. ಅದು ನೀರಿನ ಜೊತೆ ಕೆಳಗಿಳಿಯುತ್ತದೆ. ಬಾವಿಗೂ ಸೇರುತ್ತದೆ. ಕುಡಿಯುವ ನೀರಿನಲ್ಲಿ ಹೆಚ್ಚಾದರೆ ಎಳೆ ಕೂಸುಗಳಿಗೆ ಅಪಾಯ.

ಬೇವು ಆ ಸೂಕ್ಷ್ಮಜೀವಿಗಳ ಕೆಲಸವನ್ನು ತಡ ಮಾಡುತ್ತದೆ. ಆಗ ಸಾರಜನಕ ಪೈರಿಗೆ ನಿಧಾನವಾಗಿ ಸಿಗುತ್ತದೆ. ಹಿಂದೆ ಎಷ್ಟೋ ರೈತರು 5 ಕೆ.ಜಿ. ಯೂರಿಯಾಕ್ಕೆ 1 ಕೆ.ಜಿ. ಬೇವಿನ ಹಿಂಡಿ ಬೆರೆಸಿ, ಒಂದು ರಾತ್ರಿ ಇಟ್ಟು ಎರಚುತ್ತಿದ್ದರು. 2015ರಲ್ಲಿ ಸರ್ಕಾರವೇ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪ ಕಡ್ಡಾಯ ಮಾಡಿತು.

“ಹಂಗಾದ್ರೆ ಗಾಳೀಗೆ ಹೋಗೋದೂ ನಿಂತೋಯ್ತಾ ಮೇಷ್ಟ್ರೇ?” ಎಂದು ನಮ್ಮ ರಾತ್ರಿ ತರಗತಿಯಲ್ಲಿ ಒಬ್ಬರು ಕೇಳಿದರು. ಒಳ್ಳೆ ಪ್ರಶ್ನೆ. ನಿಲ್ಲುವುದಿಲ್ಲ. ಅದಕ್ಕೇ ಬಿಸಿಲೇರಿದಾಗ ಎರಚಬಾರದು. ಗದ್ದೆಯ ನೀರು ಬಸಿದು, ಕೆಸರಿಗೆ ಎರಚಬೇಕು. ಒಂದು ದಿನ ಬಿಟ್ಟು ನೀರು ಕಟ್ಟಬೇಕು.

ಈಗ ಲೆಕ್ಕ. ಒಂದು ಎಕರೆ ನೀರಾವರಿ ಭತ್ತಕ್ಕೆ ಸುಮಾರು 40 ಕೆ.ಜಿ. ಸಾರಜನಕ ಸಾಕು. ನಾಟಿಗೆ 50 ಕೆ.ಜಿ.ಯ ಒಂದು ಚೀಲ ಡಿಎಪಿ ಹಾಕಿದ್ದೀರಾ? ಅದರಲ್ಲೇ 9 ಕೆ.ಜಿ. ಬಂತು. ಇದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ! ಉಳಿದದ್ದು 31. ಅದಕ್ಕೆ ಒಂದೂವರೆ ಚೀಲ ಯೂರಿಯಾ. ನಾಟಿಗೆ ಅರ್ಧ ಚೀಲ, ತೆಂಡೆ ಒಡೆಯುವಾಗ ಅರ್ಧ, ಹೊಡೆ ಕಟ್ಟುವ ಮೊದಲು ಅರ್ಧ. ಪಕ್ಕದ ಗದ್ದೆಯವರು ಮೂರು ಚೀಲ ಹಾಕಿದರು ಅಂತ ನಾವೂ ಹಾಕುವುದು ಬೇಡ. ಹೆಚ್ಚಾದರೆ ಬೆಂಕಿ ರೋಗ, ಕಂದು ಜಿಗಿಹುಳು ಬರುತ್ತವೆ. ಗಾಳಿ ಮಳೆಗೆ ಪೈರು ಮಲಗುತ್ತದೆ.

ಬೇವಿನ ಯೂರಿಯಾ ಇದೆ ಅಂತ ಕೊಟ್ಟಿಗೆ ಗೊಬ್ಬರ ಬಿಡಬೇಡಿ. ಯೂರಿಯಾದಿಂದ ಮಣ್ಣು ಮೆತ್ತಗಾಗುವುದಿಲ್ಲ, ಎರೆಹುಳು ಬರುವುದಿಲ್ಲ. ನಾಟಿಗೆ ಮೊದಲು ಸೆಣಬನ್ನೋ ಡಯಾಂಚವನ್ನೋ ಬೆಳೆದು, ಹೂ ಬರುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿ. ಮಣ್ಣು ಪರೀಕ್ಷೆಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ನಿಮ್ಮ ಮಣ್ಣಿಗೆ 40 ಬೇಕೋ, ಕಡಿಮೆ ಸಾಕೋ, ಚೀಟಿಯಲ್ಲಿ ಬರೆದು ಕೊಡುತ್ತಾರೆ.

ಲೆಕ್ಕ ಮಾಡಿ
1. ಎರಡು ಎಕರೆ ಗದ್ದೆಗೆ ಎರಡು ಚೀಲ ಡಿಎಪಿ ಹಾಕಿದರೆ, ಯೂರಿಯಾ ಎಷ್ಟು ಚೀಲ ಬೇಕು?
2. 2023ರಲ್ಲಿ ಗಂಧಕ ಲೇಪದ ಯೂರಿಯಾ ಬಂತು. ಅದರಲ್ಲಿ ನೂರಕ್ಕೆ 37 ಸಾರಜನಕ. ಅದರ 40 ಕೆ.ಜಿ. ಚೀಲದಲ್ಲಿ ಸಾರಜನಕ ಎಷ್ಟು?