ಕರೆಯದೆ ಬಂದ ಸಸಿಗಳು

ಅಡುಗೆಮನೆಯ ಗೊಬ್ಬರ ಹಾಕಿದ ಮಡಿಯಲ್ಲಿ ನೀವು ಬಿತ್ತದ ಸಸಿ ಎದ್ದಿದೆಯೇ? ಕಳೆಯೆಂದು ಕೂಡಲೇ ಕೀಳಬೇಡಿ. ಬೀಜದೆಲೆಗಳ ಮೇಲೆ ಇನ್ನೆರಡು ಎಲೆ ಬರಲಿ; ಉಜ್ಜಿ ಮೂಸಿದರೆ ಟೊಮೆಟೊ ತನ್ನ ಗುರುತು ತಾನೇ ಹೇಳುತ್ತದೆ. ಗಟ್ಟಿಮುಟ್ಟಾದ ಒಂದೆರಡನ್ನು ಸಂಜೆ ಹೊತ್ತು ಬುಡದ ಮಣ್ಣಿನ ಸಮೇತ ಎತ್ತಿ, ಬೇರೆಡೆ ನೆಡಿ. ತಾಯಿಗಿಡ ಹೈಬ್ರಿಡ್ ಆಗಿದ್ದರೆ ಹಣ್ಣು ಅದರಂತೆಯೇ ಬರುತ್ತದೆಂದು ನಂಬಿ ಕೂರಬೇಡಿ. ಹರಿವೆ ಒತ್ತಾಗಿ ಹುಟ್ಟಿದ್ದರೆ ಎಳೆಯದರಲ್ಲೇ ಕಿತ್ತು ಸಾರಿಗೆ ಹಾಕಿ.

ಸೋರೆ, ಸೌತೆ, ಕುಂಬಳದ ವಿಷಯದಲ್ಲಿ ಮಾತ್ರ ಎಚ್ಚರ. ಇಂಥ ಬಳ್ಳಿಯ ಕಾಯಿ ಕೆಲವೊಮ್ಮೆ ವಿಪರೀತ ಕಹಿಯಾಗುತ್ತದೆ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷ; ಬೇಯಿಸಿದರೂ ಹೋಗದು. ಅಡುಗೆಗೆ ಹೆಚ್ಚುವ ಮೊದಲು ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿಯೆನಿಸಿದರೆ ಉಗಿದುಬಿಡಿ, ಬಳ್ಳಿಯನ್ನೇ ಕಿತ್ತುಹಾಕಿ.