ಚಂದನದ ಸಾರ

ಸಂತೋಷಪಡಿಸು ಎಂಬ ಅರ್ಥವುಳ್ಳ ‘ಚದಿ’ ಧಾತುವಿನಿಂದ ‘ಚಂದನ’ ಶಬ್ದವನ್ನು ವೈಯಾಕರಣರು ನಿಷ್ಪನ್ನಗೊಳಿಸುತ್ತಾರೆ. ಆ ಶಬ್ದವೇ ಗ್ರೀಕ್, ಲ್ಯಾಟಿನ್ ಭಾಷೆಗಳಲ್ಲಿ ಸಂಚರಿಸಿ, ರೂಪಾಂತರ ಹೊಂದಿ, ರಸಾಯನಶಾಸ್ತ್ರದ ‘ಸ್ಯಾಂಟಲಾಲ್’ ಎಂಬ ಹೆಸರಿನಿಂದ ನಮ್ಮಲ್ಲಿಗೆ ಮರಳಿದೆ. ಶ್ರೀಗಂಧದ ಪರಿಮಳಕ್ಕೆ ಮುಖ್ಯ ಕಾರಣವಾದ ದ್ರವ್ಯ ಇದೇ.

ಸ್ಯಾಂಟಲಾಲ್ ಟರ್ಪೀನ್ ಕುಲದ ಒಂದು ಆಲ್ಕೊಹಾಲು. ಆಲ್ಕೊಹಾಲು ಎಂದೊಡನೆ ಮದ್ಯವೆಂದು ವಿದ್ಯಾರ್ಥಿಗಳು ಭಾವಿಸಬಾರದು. ರಸಾಯನಶಾಸ್ತ್ರದಲ್ಲಿ ಅದು ಸಂಯುಕ್ತಗಳ ಒಂದು ದೊಡ್ಡ ವರ್ಗದ ಹೆಸರು. ಇದರ ಅಣುವೊಂದರಲ್ಲಿ 15 ಇಂಗಾಲ, 24 ಜಲಜನಕ, 1 ಆಮ್ಲಜನಕದ ಪರಮಾಣುಗಳಿವೆ. ಆಲ್ಫಾ, ಬೀಟಾ ಎಂಬುವು ಇದರ ಮುಖ್ಯ ಭೇದಗಳು. ಉತ್ತಮವಾದ ಗಂಧದೆಣ್ಣೆಯಲ್ಲಿ ಆಲ್ಫಾ ಸುಮಾರು ಅರ್ಧದಷ್ಟಿದ್ದರೆ ಬೀಟಾ ಸುಮಾರು ಐದನೆಯ ಒಂದು ಪಾಲು ಮಾತ್ರ. ಆದರೂ ನಾವು ಗಂಧವೆಂದು ಗುರುತಿಸುವ ಕಂಪು ಬಹುಮಟ್ಟಿಗೆ ಬೀಟಾದ್ದೇ. ಪ್ರಮಾಣವೇ ಗುಣವಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಮಂದವಾದ ಈ ದ್ರವ ನೀರಿನಲ್ಲಿ ಬಹುತೇಕ ಕರಗದು. ಸುಮಾರು 300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕುದಿಯುತ್ತದೆ. ಆದಕಾರಣ ಸಾಮಾನ್ಯ ಹವೆಯಲ್ಲಿ ಅತಿ ನಿಧಾನವಾಗಿ ಆವಿಯಾಗುತ್ತದೆ. ಬೇಗ ಹಾರಿಹೋಗುವ ಹೂವಿನ ಪರಿಮಳವನ್ನು ಹಿಡಿದು ನಿಲ್ಲಿಸಲು ಕನೌಜಿನ ಅತ್ತರುಗಾರರು ಗಂಧದೆಣ್ಣೆಯನ್ನು ಆಧಾರವಾಗಿ ಬಳಸುತ್ತ ಬಂದುದು ಇದರಿಂದಲೇ. ಸಾಬೂನು, ಊದುಬತ್ತಿಗಳಲ್ಲಿಯೂ ಇದರ ಉಪಯೋಗವುಂಟು. 1914ರಲ್ಲಿ ಮಹಾಯುದ್ಧ ಆರಂಭವಾಗಿ ಗಂಧದ ರಫ್ತಿಗೆ ತಡೆಯುಂಟಾದಾಗ ಮೈಸೂರು ಸಂಸ್ಥಾನವು ತಾನೇ ಎಣ್ಣೆ ತೆಗೆಯಲು ಮುಂದಾಯಿತು. 1916ರಲ್ಲಿ ಬೆಂಗಳೂರಿನಲ್ಲಿ ಅದರ ಕಾರ್ಖಾನೆ ಸ್ಥಾಪಿತವಾಯಿತು.

ಈ ಸಾರವು ಮರದಲ್ಲಿ ಎಲ್ಲೆಡೆಯೂ ಇರುವುದಿಲ್ಲ. ಹೊರಗಣ ಬಿಳಿಯ ಮರದಲ್ಲಿ ಕಂಪಿಲ್ಲ. ಒಳಗಣ ಕೆಚ್ಚಿನಲ್ಲಿ ಮತ್ತು ಬೇರಿನಲ್ಲಿ ಅದು ಸಂಚಯವಾಗುತ್ತದೆ. ಕೆಚ್ಚು ಬಲಿಯಲು ಅನೇಕ ವರ್ಷಗಳು ಬೇಕು. ಬೇರಿನಲ್ಲಿಯೂ ಎಣ್ಣೆ ಸಮೃದ್ಧವಾಗಿರುವುದರಿಂದ ಮರವನ್ನು ಬುಡಸಮೇತ ಕೀಳುತ್ತಾರೆ. ಎಳೆಯ ಮರವನ್ನು ಕಡಿದ ಕಳ್ಳನಿಗೆ ದೊರೆಯುವ ಸಾರ ಅತ್ಯಲ್ಪ. ನಾಡಿಗಾಗುವ ನಷ್ಟವಾದರೋ ಒಂದು ತಲೆಮಾರಿನದು.

ಬಹುಕಾಲ ಶ್ರೀಗಂಧವು ಸರ್ಕಾರದ ಸೊತ್ತಾಗಿತ್ತು. ತನ್ನ ಹೊಲದಲ್ಲಿ ಹುಟ್ಟಿದ ಮರವೂ ತನ್ನದಲ್ಲವೆಂದಾಗ ರೈತನು ಅದನ್ನು ಬೆಳೆಸುವುದೆಂತು? 2001ರ ಕಾನೂನು ತಿದ್ದುಪಡಿಯಿಂದ ಕರ್ನಾಟಕದಲ್ಲಿ ಜಮೀನುದಾರನಿಗೆ ಅದರ ಹಕ್ಕು ದೊರೆಯಿತು. ಕಡಿಯಲು ಮಾತ್ರ ಅನುಮತಿ ಬೇಕು. ಈಗ ನೆಡುವುದು ನಮ್ಮ ಕೈಯಲ್ಲಿದೆ. ಗಂಧದ ಗಿಡ ಒಂಟಿಯಾಗಿ ಚೆನ್ನಾಗಿ ಬೆಳೆಯದು. ನೆರೆಯ ಗಿಡಗಳ ಬೇರಿನಿಂದ ನೀರು, ಲವಣಗಳನ್ನು ಪಡೆಯುತ್ತದೆ. ಆದ್ದರಿಂದ ಪಕ್ಕದಲ್ಲಿ ತೊಗರಿಯನ್ನೋ ಹೊಂಗೆಯನ್ನೋ ಬೆಳೆಸಬೇಕು. ಇಂದು ಸಸಿ ನೆಡುವ ವಿದ್ಯಾರ್ಥಿಯು ಅದರ ಕಂಪನ್ನು ಕಾಣುವುದು ತಾನು ಗೃಹಸ್ಥನಾದ ಮೇಲೆಯೇ. ಅಷ್ಟು ತಾಳ್ಮೆಯುಳ್ಳವರಿಗೆ ಮಾತ್ರ ಚಂದನವು ತನ್ನ ಸಾರವನ್ನು ಕೊಡುತ್ತದೆ.